ತಳ್ಕೊಂಡು ಹೋಗ್ತಿದ್ದೀವಿ ಅಷ್ಟೇ

ಬೆಂಗಳೂರಿಗೆ ಬಂದ ಹೊಸತರಲ್ಲಿ ಯಾರಾದ್ರೂ ‘ಯಾವೂರು ನಿಮ್ದು?’ ಅಂತ ಕೇಳಿದ್ರೆ ಚಿಕ್ಕನಾಯಕನಹಳ್ಳಿ ಅಂತಿದ್ದೆ. ‘ಅದೆಲ್ಲಿ ಬರತ್ತೆ?’ ಅನ್ನೋರು. ತಿಪಟೂರಿನ ಹತ್ರ ಅಂದ್ರೆ ಕೊಬ್ಬರಿ ನೆನಪಾಗಿ ತಲೆ ಆಡಿಸೋರು. ಅದೂ ಗೊತ್ತಿಲ್ಲದೋರಿಗೆ ತುಮಕೂರು ಅಂತ ಹೇಳಿ ಮುಗಿಸ್ತಿದ್ದೆ. 2019ರ ಜುಲೈ ಕಳೆದ ಮೇಲೆ ಈ ತಾಪತ್ರಯ ತಪ್ಪಿತು. ಊರಿನ ಹೆಸರು ಹೇಳಿದ ತಕ್ಷಣ ‘ಓ, ಮಾಧುಸ್ವಾಮಿ ಊರಾ?’ ಅನ್ನೋಕೆ ಶುರು ಮಾಡಿದ್ರು.

ಆ ‘ಓ’ಕಾರದ ರಾಗ ಮಾತ್ರ ನಾಲ್ಕು ವರ್ಷದಲ್ಲಿ ಬಹಳ ಬದಲಾಯ್ತು. ಮೊದಲು ಮೆಚ್ಚುಗೆ ಇತ್ತು, ಆಮೇಲೆ ವ್ಯಂಗ್ಯ ಬಂತು, ಕೊನೆಗೆ ಒಂಥರಾ ಅನುಕಂಪ. ಪಕ್ಷ ರಾಜಕೀಯ ಬೇಕಾದವರು ಟೀವಿ ನೋಡಿಕೊಳ್ಳಲಿ. ನನಗೆ ಈ ಮನುಷ್ಯನ ಮೇಲೆ ಕುತೂಹಲ ಇರೋದಕ್ಕೆ ಕಾರಣ ಬೇರೆ. ಅಮೆರಿಕದ ಪತ್ರಿಕೆಗಳಲ್ಲಿ ‘ಪೊಲಿಟಿಕಲ್ ಇನ್‌ಸೈಡರ್’ ಅಂತ ಒಂದು ಪದ ಬರುತ್ತಲ್ಲ, ಯಂತ್ರದ ಒಳಗಿನ ಹಲ್ಲುಗಾಲಿ ಯಾವುದು ಎಲ್ಲಿ ತಿರುಗುತ್ತೆ ಅಂತ ಗೊತ್ತಿರೋ ಮನುಷ್ಯ, ಅಂಥವರು ನಮ್ಮ ಸೀಮೆಯಿಂದ ಬಂದಿದ್ದು ನಾನು ನೋಡಿದಂತೆ ಇವರೊಬ್ಬರೇ. ಅಂಥವರು ಬಾಯಿ ಬಿಟ್ಟಾಗ ಏನಾಗುತ್ತೆ ಅನ್ನೋದನ್ನೂ ಇವರಲ್ಲೇ ನೋಡಿದ್ದು.

ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರದ ವಿಶ್ವಾಸಮತದ ಚರ್ಚೆ ನೆನಪಿರಬಹುದು. ಜುಲೈ 18ಕ್ಕೆ ಶುರುವಾಗಿದ್ದು ಎಳೆದೂ ಎಳೆದೂ 23ರ ಸಂಜೆ 99ಕ್ಕೆ 105 ಅಂತ ಮುಗೀತು. ಆ ವಾರ ನಮ್ಮ ಆಫೀಸಿನಲ್ಲಿ ಅರ್ಧ ಜನ ಎರಡನೇ ಮಾನಿಟರ್‌ನಲ್ಲಿ ಸದನದ ನೇರಪ್ರಸಾರ ಹಾಕಿಕೊಂಡೇ ಕೆಲಸ ಮಾಡಿದ್ವಿ. ಆ ಕಡೆ ರಮೇಶ್ ಕುಮಾರ್ ಪೀಠದಲ್ಲಿ, ಸಿದ್ದರಾಮಯ್ಯ, ಕೃಷ್ಣ ಬೈರೇಗೌಡ ಸಂವಿಧಾನದ ಪರಿಚ್ಛೇದಗಳ ಮೇಲೆ ಮಾತಾಡ್ತಿದ್ದರೆ, ಈ ಕಡೆ ಬಿಜೆಪಿ ಸಾಲಿನಿಂದ ನಿಯಮಾವಳಿ ಹಿಡಿದು ಎದ್ದು ನಿಲ್ಲುತ್ತಿದ್ದವರಲ್ಲಿ ಮಾಧುಸ್ವಾಮಿ ಮುಖ್ಯರು. ಕೂಗಾಟ ಇಲ್ಲ. ಕ್ರಿಯಾಲೋಪ ಎತ್ತೋದು, ಹಿಂದೆ ಹೀಗೆ ನಡೆದಿತ್ತು ಅನ್ನೋದು, ಕೂರೋದು. ನಮ್ಮ ಟೀಮಿನ ತಮಿಳು ಹುಡುಗ ಒಂದಕ್ಷರ ಕನ್ನಡ ಬರದಿದ್ದರೂ ‘ಇವರು ಲಾಯರ್ ಅಲ್ವಾ?’ ಅಂತ ಕೇಳಿದ.

ಹೌದು, ಲಾಯರ್ರೇ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಜೆ.ಸಿ. ಪುರದವರು. ಜನತಾ ಪರಿವಾರದಲ್ಲಿ ಪಳಗಿದವರು. 2013ರಲ್ಲಿ ಯಡಿಯೂರಪ್ಪನವರ ಜತೆ ಕೆಜೆಪಿಯಿಂದ ನಿಂತು ಜೆಡಿಎಸ್‌ನ ಸಿ.ಬಿ. ಸುರೇಶ್‌ಬಾಬು ಎದುರು ಸೋತರು. 2018ರಲ್ಲಿ ಬಿಜೆಪಿಯಿಂದ ನಿಂತು ಅದೇ ಸುರೇಶ್‌ಬಾಬು ಎದುರು ಗೆದ್ದರು.

ನಮ್ಮ ಕಡೆಯವರಿಗೆ ಇಂಥ ಮನುಷ್ಯ ಹೊಸಬನಲ್ಲ. ತೆಂಗಿನ ಸೀಮೆಯ ಯಾವ ಹಳ್ಳಿಗೆ ಹೋದರೂ ಒಬ್ಬ ‘ಪಾಯಿಂಟ್ ಹಾಕೋನು’ ಇರ್ತಾನೆ. ತೆಂಗಿನ ಮರ ಅಂದ್ರೆ ಮೂರು ತಲೆಮಾರಿನ ಆಸ್ತಿ. ಅಣ್ಣ ತಮ್ಮಂದಿರು ಭಾಗ ಆದಾಗ ಬದುವಿನ ಮೇಲಿರೋ ಮರ ಯಾರಿಗೆ, ಆ ಕಡೆ ಬಾಗಿರೋ ಮರದ ಕಾಯಿ ಯಾರಿಗೆ ಅನ್ನೋದರ ಮೇಲೆ ಇಪ್ಪತ್ತು ವರ್ಷ ಕೋರ್ಟು ಸುತ್ತಿದವರು ನಮ್ಮ ನೆಂಟರಲ್ಲೇ ಇದ್ದಾರೆ. ಹಾಗಾಗಿ ಪಹಣಿ, ಮ್ಯುಟೇಷನ್ನು, ತಡೆಯಾಜ್ಞೆ ಅನ್ನೋ ಪದಗಳು ನಮಗೆ ಮಗ್ಗಿಯ ಜೊತೆಗೇ ಬರ್ತವೆ. ಪಾಯಿಂಟ್ ಹಾಕೋನಿಗೆ ಹಳ್ಳಿಯಲ್ಲಿ ಮರ್ಯಾದೆ ಇದೆ. ಅವನನ್ನು ಕಂಡ್ರೆ ಭಯವೂ ಇದೆ. ಪ್ರೀತಿ ಮಾತ್ರ ಅಷ್ಟಕ್ಕಷ್ಟೇ. ‘ಅವ್ನತ್ರ ಮಾತಾಡಕ್ಕೋದ್ರೆ ನಮ್ದೇ ತಪ್ಪು ಅಂತ ಸಾಬೀತ್ ಮಾಡಿ ಕಳಿಸ್ತಾನೆ ಕಣಪ್ಪ’ ಅಂತಿದ್ದರು ನಮ್ಮ ದೊಡ್ಡಪ್ಪ, ಊರಿನ ಅಂಥವನೊಬ್ಬನ ಬಗ್ಗೆ.

2019ರ ಆಗಸ್ಟ್ 20ಕ್ಕೆ ಯಡಿಯೂರಪ್ಪ ಸಂಪುಟದ ಮೊದಲ ಕಂತಿನ ಹದಿನೇಳು ಜನರಲ್ಲಿ ಮಾಧುಸ್ವಾಮಿ ಪ್ರಮಾಣವಚನ ತಗೊಂಡರು. ಖಾತೆಗಳು: ಕಾನೂನು, ಸಂಸದೀಯ ವ್ಯವಹಾರ, ಸಣ್ಣ ನೀರಾವರಿ.

ಸಂಸದೀಯ ವ್ಯವಹಾರ ಸಚಿವರು ಏನು ಮಾಡ್ತಾರೆ ಅಂತ ನಮ್ಮ ಜಮಾನದವರಿಗೆ ಅಷ್ಟಾಗಿ ಗೊತ್ತಿರಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ರಿಲೀಸ್ ಮ್ಯಾನೇಜರ್ ಕೆಲಸ. ಯಾವ ಮಸೂದೆ ಯಾವತ್ತು ಬರಬೇಕು, ವಿರೋಧಪಕ್ಷದವರ ಜತೆ ಯಾವುದಕ್ಕೆ ರಾಜಿ, ಯಾವುದಕ್ಕೆ ಜಗಳ, ಸದನ ಕುಸಿದು ಬೀಳೋ ಹೊತ್ತಿಗೆ ಯಾರು ಎದ್ದು ನಿಂತು ಸರಿಪಡಿಸಬೇಕು, ಎಲ್ಲ ಇವರ ತಲೆ ಮೇಲೆ. ಹೊರಗಿನವರಿಗೆ ಕಾಣದ ಕೆಲಸ. ಚೆನ್ನಾಗಿ ಮಾಡಿದರೆ ಯಾರೂ ಗಮನಿಸಲ್ಲ.

ಒಂದು ಉದಾಹರಣೆ ನನಗೆ ಮರೆಯೋಕಾಗಲ್ಲ. 2021ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನ. ಮತಾಂತರ ನಿಷೇಧ ಮಸೂದೆ. ಆ ಮಸೂದೆಯ ಬಗ್ಗೆ ನನಗೆ ಬಹಳ ತಕರಾರಿದೆ. ಇಬ್ಬರು ವಯಸ್ಕರು ಯಾರನ್ನು ಮದುವೆಯಾಗಬೇಕು, ಯಾವ ದೇವರಿಗೆ ಕೈ ಮುಗೀಬೇಕು ಅನ್ನೋದನ್ನ ಸರ್ಕಾರಕ್ಕೆ ಮೊದಲೇ ಅರ್ಜಿ ಕೊಟ್ಟು ಹೇಳಬೇಕು ಅನ್ನೋದು ನನಗೆ ಒಪ್ಪಿಗೆಯಿಲ್ಲ. ಅದು ಬೇರೆ ಮಾತು. ಮಸೂದೆ ಮಂಡಿಸಿದ್ದು ಗೃಹ ಸಚಿವ ಆರಗ ಜ್ಞಾನೇಂದ್ರ. ಕಾಂಗ್ರೆಸ್ಸಿನವರು ಮುಗಿಬಿದ್ದಾಗ ಮಾಧುಸ್ವಾಮಿ ಎದ್ದು, ಇದರ ಕರಡು ಶುರುವಾಗಿದ್ದೇ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿದ್ದಾಗ, ಕಡತ ಇಲ್ಲಿದೆ ನೋಡಿ ಅಂದ್ರು. ಸಿದ್ದರಾಮಯ್ಯ ಮೊದಲು ಒಪ್ಪಲಿಲ್ಲ. ಸ್ಪೀಕರ್ ಕೊಠಡಿಗೆ ಹೋಗಿ ಕಡತ ನೋಡಿ ಬಂದು, ಸಂಪುಟದ ಮುಂದೆ ಇಡಿ ಅಂತಷ್ಟೇ ಬರೆದಿದ್ದೆ, ಒಪ್ಪಿರಲಿಲ್ಲ ಅಂದ್ರು. ತಾಂತ್ರಿಕವಾಗಿ ಅವರ ಮಾತೂ ಸರಿ. ಆದರೆ ಅವತ್ತಿನ ಚರ್ಚೆಯ ದಿಕ್ಕು ತಿರುಗಿಹೋಗಿತ್ತು. ಐದು ವರ್ಷದ ಹಿಂದಿನ ಒಂದು ಹಾಳೆ ಸರಿಯಾದ ಹೊತ್ತಿಗೆ ಮೇಜಿನ ಮೇಲೆ ಬಂತು. ಒಳಗಿನ ಮನುಷ್ಯ ಅಂದ್ರೆ ಇದು. ಹಳೇ ಕಮಿಟ್ ಹುಡುಕಿ ‘ಈ ಬಗ್ ಹಾಕಿದ್ದು ನೀವೇ ಅಲ್ವಾ ಸಾರ್’ ಅಂತ ಮೀಟಿಂಗಲ್ಲಿ ತೋರಿಸೋ ಸೀನಿಯರ್ ಎಲ್ಲ ಆಫೀಸಲ್ಲೂ ಒಬ್ಬ ಇರ್ತಾನೆ.

ಅಂಥವನ ಕಷ್ಟ ಏನಂದ್ರೆ, ಮೀಟಿಂಗ್ ರೂಮಿನ ಹೊರಗೂ ಅವನು ಹಾಗೇ ಮಾತಾಡ್ತಾನೆ.

ಹುಳಿಯಾರಿನ ವಿಷಯ ತಗೊಳ್ಳಿ. ಹುಳಿಯಾರು ನಮ್ಮ ತಾಲ್ಲೂಕಿನ ದೊಡ್ಡ ಊರು. 2019ರ ನವೆಂಬರ್‌ನಲ್ಲಿ ಅಲ್ಲಿನ ಒಂದು ವೃತ್ತಕ್ಕೆ ಕನಕದಾಸರ ಹೆಸರೋ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಹೆಸರೋ ಅಂತ ಜಗಳ ಎದ್ದಿತು. ಇಬ್ಬರೂ ಬದುಕಿದ್ದರೆ ನನ್ನ ಹೆಸರು ಬ್ಯಾಡ ಅವರದ್ದೇ ಇಡಿ ಅಂತ ಒಬ್ಬರಿಗೊಬ್ಬರು ಬಿಟ್ಟುಕೊಡ್ತಿದ್ದರೇನೋ. ಸಂಧಾನದ ಸಭೆಯಲ್ಲಿ ಮಾಧುಸ್ವಾಮಿ ಕಾಗಿನೆಲೆ ಕನಕ ಗುರುಪೀಠದ ಹೊಸದುರ್ಗ ಶಾಖಾಮಠದ ಸ್ವಾಮೀಜಿಯವರ ಜತೆ ಅಗೌರವದಿಂದ ಮಾತಾಡಿದರು ಅನ್ನೋ ಆರೋಪ ಬಂತು. ಹುಳಿಯಾರು ಬಂದ್ ಆಯ್ತು. ಡಿಸೆಂಬರ್ 5ಕ್ಕೆ ಹದಿನೈದು ಕ್ಷೇತ್ರಗಳ ಉಪಚುನಾವಣೆ ಕಣ್ಣೆದುರಿಗಿತ್ತು, ಸರ್ಕಾರ ಉಳಿಯೋದೇ ಅದರ ಮೇಲೆ. ಮುಖ್ಯಮಂತ್ರಿಯೇ ಮುಂದೆ ಬಂದು ಕ್ಷಮೆ ಕೇಳಿದರು. ಚೌಕದಲ್ಲಿ ನೆಡಬೇಕಾದ ಒಂದು ತಗಡಿನ ಬೋರ್ಡು ವಿಧಾನಸೌಧ ಅಲ್ಲಾಡಿಸಿಬಿಟ್ಟಿತ್ತು.

ಆಮೇಲೆ ಕೋಲಾರ. 2020ರ ಮೇ 20. ಲಾಕ್‌ಡೌನ್ ಸಡಿಲಾಗ್ತಿದ್ದ ದಿನಗಳು, ನಾನು ಊರಲ್ಲೇ ಕೂತು ವರ್ಕ್ ಫ್ರಂ ಹೋಮ್ ಮಾಡ್ತಿದ್ದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸ್ತಾರಲ್ಲ, ಅದರಲ್ಲಿ ಎಸ್. ಅಗ್ರಹಾರದ ಕೆರೆ ನೋಡೋಕೆ ಸಚಿವರು ಹೋಗಿದ್ದರು. ರೈತ ಸಂಘದ ಹೆಣ್ಣುಮಗಳೊಬ್ಬರು ಕೆರೆ ಒತ್ತುವರಿಯ ಬಗ್ಗೆ ಜೋರಾಗಿ ಕೇಳಿದರು. ಇವರು ‘ರಾಸ್ಕಲ್’ ಅಂದರು, ಬಾಯಿ ಮುಚ್ಚು ಅಂದರು. ಎಲ್ಲ ಕ್ಯಾಮೆರಾದ ಮುಂದೆ. ಸಂಜೆ ಹೊತ್ತಿಗೆ ಎಲ್ಲ ಚಾನೆಲ್‌ನಲ್ಲೂ ಅದೇ. ಸಿದ್ದರಾಮಯ್ಯ ರಾಜೀನಾಮೆ ಕೇಳಿದರು. ಯಡಿಯೂರಪ್ಪ ಎಚ್ಚರಿಕೆ ಕೊಟ್ಟಿದ್ದೀನಿ ಅಂದರು. ನೋವಾಗಿದ್ದರೆ ಕ್ಷಮೆ ಕೇಳ್ತೀನಿ ಅಂತ ಇವರೂ ಹೇಳಿದರು.

ನಮ್ಮನೇಲಿ ಆ ವಿಡಿಯೋ ಬಂದಾಗ ಅಪ್ಪ ಮಂತ್ರಿಯ ಪರ ವಾದ ಮಾಡಿದರು. ‘ಬಿಸ್ಲಲ್ಲಿ ನಿಂತಿದ್ದ, ಒಬ್ರಾದ್ಮೇಲೊಬ್ರು ಕೂಗ್ತವ್ರೆ, ಬಾಯ್ ಜಾರೈತೆ. ನೀನು ಆಪೀಸಲ್ಲಿ ಜಾರಲ್ವ?’

ಅವ್ವ ಅವರೆಕಾಳು ಹಿಚುಕ್ತಾ ಕೂತಿದ್ದಳು. ರಾಜಕೀಯ ಅಂದ್ರೆ ಎದ್ದು ಹೋಗೋ ಹೆಂಗಸು. ಅವತ್ತು ಏಳಲಿಲ್ಲ. ‘ಆ ಯಮ್ಮ ಕೇಳಿದ್ದು ಕೆರೆ ವಿಷ್ಯ ಅಲ್ವೇನ್ಲಾ?’ ಅಂತ ನನ್ನನ್ನೇ ಕೇಳಿದಳು. ಹೌದು ಅಂದೆ. ‘ಮತ್ತೆ ಕೆರೆ ಮಂತ್ರಿನ ಕೆರೆ ಕೇಳ್ದೆ ಇನ್ನೇನ್ ಕೇಳ್ಬೇಕಿತ್ತು?’

ಆ ಪ್ರಶ್ನೆಗೆ ಅಪ್ಪನ ಹತ್ರ ಪಾಯಿಂಟ್ ಇರಲಿಲ್ಲ. ಅವ್ವ ಸ್ತ್ರೀಶಕ್ತಿ ಸಂಘದ ಸದಸ್ಯೆ. ಒಮ್ಮೆ ಗ್ರಾಮಸಭೆಯಲ್ಲಿ ಊರ ಕೆರೆಯ ತೂಬಿನ ವಿಷಯ ಎತ್ತೋಕೆ ಎದ್ದು ನಿಂತಾಗ ಬಂದಿದ್ದ ಅಧಿಕಾರಿ ‘ಕೂತ್ಕಳಮ್ಮ, ಗಂಡಸ್ರು ಮಾತಾಡ್ತವ್ರೆ’ ಅಂದಿದ್ದನ್ನ ಆವತ್ತೇ ಮೊದಲ ಸಲ ನಮಗೆ ಹೇಳಿದಳು. ಅದಾಗಿ ಎಷ್ಟು ವರ್ಷ ಆಗಿತ್ತೋ. ಕೋಲಾರದ ಆ ಹೆಂಗಸನ್ನ ಆಮೇಲೆ ಯಾರೂ ನೆನೆಸಿಕೊಳ್ಳಲಿಲ್ಲ, ಟೀವಿಯವರಿಗೆ ಬೇಕಾಗಿದ್ದು ಮಂತ್ರಿಯ ಒಂದು ಪದ. ಅವ್ವ ಮಾತ್ರ ಇವತ್ತಿಗೂ ‘ಆ ಕೆರೆ ಯಮ್ಮ’ ಅಂತ ನೆನೀತಾಳೆ.

2021ರ ಜನವರಿಯಲ್ಲಿ ಖಾತೆ ಬದಲಾವಣೆ ಅಂತ ಇವರ ಕಾನೂನು, ಸಂಸದೀಯ, ನೀರಾವರಿ ಮೂರೂ ಹೋಯ್ತು. ವೈದ್ಯಕೀಯ ಶಿಕ್ಷಣ ಬಂತು, ಅದೂ ಹೋಗಿ ಮತ್ತೊಂದು ಬಂತು. ಮುನಿಸಿಕೊಂಡರು. ಬೊಮ್ಮಾಯಿ ಮುಖ್ಯಮಂತ್ರಿ ಆದ ಮೇಲೆ ಆಗಸ್ಟ್‌ನಲ್ಲಿ ಹಳೇ ಖಾತೆಗಳು ವಾಪಸ್ ಸಿಕ್ಕವು. ಇದೇ ಸಂಪುಟದಲ್ಲಿ ತಿಪಟೂರಿನ ಬಿ.ಸಿ. ನಾಗೇಶ್ ಶಾಲಾ ಶಿಕ್ಷಣ ಸಚಿವರಾದರು. ಅಂದರೆ ಅಕ್ಕಪಕ್ಕದ ಎರಡು ತೆಂಗಿನ ತಾಲ್ಲೂಕಿಗೆ ಇಬ್ಬರು ಮಂತ್ರಿಗಳು. ತುರುವೇಕೆರೆಯಲ್ಲಿ ಇದ್ದವರೂ ಇದೇ ಪಕ್ಷದ ಶಾಸಕರು, ಮಸಾಲೆ ಜಯರಾಮ್. ನಮ್ಮ ಸೀಮೆಗೆ ಇಷ್ಟು ದೊಡ್ಡ ಅದೃಷ್ಟ ಒಟ್ಟಿಗೆ ಬಂದಿದ್ದು ನಾನಂತೂ ಕಂಡಿರಲಿಲ್ಲ.

ನಾಗೇಶ್ ಅವರದ್ದೇ ಒಂದು ಕತೆ. ಹಿಜಾಬ್, ಆಮೇಲೆ ರೋಹಿತ್ ಚಕ್ರತೀರ್ಥ ಸಮಿತಿಯ ಪಠ್ಯಪುಸ್ತಕ. ದೇವನೂರ ಮಹಾದೇವ ನನ್ನ ಪಾಠ ಬೇಡ ಅಂತ ಪತ್ರ ಬರೆದರು, ಸಾಣೇಹಳ್ಳಿ ಸ್ವಾಮೀಜಿ ಬಸವಣ್ಣನ ಪಾಠ ತಿದ್ದಿ ಅಂದರು. 2022ರ ಜೂನ್ 1ಕ್ಕೆ ತಿಪಟೂರಿನ ಅವರ ಮನೆಗೇ ಎನ್‌ಎಸ್‌ಯುಐ ಹುಡುಗರು ನುಗ್ಗಿ ಖಾಕಿ ಚಡ್ಡಿ ಸುಟ್ಟರು. ಮನೆ ಮುಂದೆ ಬೆಂಕಿ ಹಚ್ಚೋದು ಪ್ರತಿಭಟನೆ ಅಲ್ಲ. ಮಕ್ಕಳ ಪುಸ್ತಕ ರಾತ್ರೋರಾತ್ರಿ ತಿದ್ದೋದು ಶಿಕ್ಷಣವೂ ಅಲ್ಲ. ಇವರ ಬಗ್ಗೆ ಇಷ್ಟು ಸಾಕು. ಇವರು ಸಿದ್ಧಾಂತದ ಮನುಷ್ಯ, ಸಿದ್ಧಾಂತದವರ ವಿವಾದ ಎಲ್ಲ ಒಂದೇ ಅಚ್ಚಿನದು. ಮಾಧುಸ್ವಾಮಿಯದು ಹಾಗಲ್ಲ. ಅವರ ಯಾವ ವಿವಾದದಲ್ಲೂ ದುಡ್ಡಿನ ಸುದ್ದಿಯಾಗಲಿ ಸಿದ್ಧಾಂತವಾಗಲಿ ಮುಖ್ಯವಾಗಿರಲಿಲ್ಲ, ಮುಖ್ಯವಾಗಿದ್ದು ಬಾಯಿ. ಹುಳಿಯಾರಲ್ಲಿ, ಕೋಲಾರದಲ್ಲಿ ಅವರದ್ದೇ ಬಾಯಿ. ಒಂದು ಸಲ ಮಾತ್ರ ಬೇರೆಯವರದ್ದು.

ಅದು 2022ರ ಜನವರಿ, ತುಮಕೂರು. ಸಂಸದ ಜಿ.ಎಸ್. ಬಸವರಾಜು ಮತ್ತು ನಗರಾಭಿವೃದ್ಧಿ ಸಚಿವ ಭೈರತಿ ಬಸವರಾಜ ಪತ್ರಿಕಾಗೋಷ್ಠಿಗೆ ಕೂತಿದ್ದರು. ಮೈಕು ಆನ್ ಆಗಿದೆ ಅನ್ನೋದು ಗೊತ್ತಿಲ್ಲದೆ ಸಂಸದರು ಪಿಸುಮಾತಿನಲ್ಲಿ ಜಿಲ್ಲಾ ಮಂತ್ರಿಯನ್ನ ಕೊರಿಯಾದ ಸರ್ವಾಧಿಕಾರಿಗೆ ಹೋಲಿಸಿ, ಇವರಿಂದ ಜಿಲ್ಲೆಯಲ್ಲಿ ಪಕ್ಷಕ್ಕೆ ಸೀಟು ಬರಲ್ಲ ಅಂದರು. ಎದುರಿಗಿದ್ದ ಕ್ಯಾಮೆರಾಗಳೆಲ್ಲ ಕೇಳಿಸಿಕೊಂಡವು. ಕೋವಿಡ್ ಕಾಲದಲ್ಲಿ ಮ್ಯೂಟ್ ಮರೆತು ಮ್ಯಾನೇಜರ್‌ನ ಬೈದು ಸಿಕ್ಕಿಬಿದ್ದ ಎಷ್ಟು ಜನ ನಮ್ಮಲ್ಲಿಲ್ಲ! ಅದೇ ತಿಂಗಳು ತುಮಕೂರಿನ ಉಸ್ತುವಾರಿ ಆರಗ ಜ್ಞಾನೇಂದ್ರರಿಗೆ ಹೋಯ್ತು.

ಇನ್ನು ಆಗಸ್ಟ್‌ನ ಆಡಿಯೋ. ಇಷ್ಟೆಲ್ಲ ಬರೆಯೋಕೆ ಕಾರಣವಾಗಿದ್ದೇ ಅದು.

ಚನ್ನಪಟ್ಟಣದ ಸಾಮಾಜಿಕ ಕಾರ್ಯಕರ್ತರೊಬ್ಬರು ಮಂತ್ರಿಗೆ ಫೋನ್ ಮಾಡಿ, ಸಹಕಾರ ಸಂಘದಲ್ಲಿ ರೈತರ ಸಾಲದ ಹೆಸರಲ್ಲಿ ದುಡ್ಡು ಹಿಡೀತಿದ್ದಾರೆ ಅಂತ ದೂರು ಹೇಳ್ತಾರೆ. ಮಂತ್ರಿ ಕೋಪ ಮಾಡಿಕೊಳ್ಳಲ್ಲ, ಬೈಯಲ್ಲ. ಗೊತ್ತಪ್ಪ, ಸಹಕಾರ ಸಚಿವರಿಗೂ ಹೇಳಿದ್ದೀನಿ, ಅವರು ಏನೂ ಮಾಡ್ತಿಲ್ಲ, ನಾನೇನು ಮಾಡಲಿ ಅಂತಾರೆ. ಆಮೇಲೆ ಸರ್ಕಾರ ನಡೆಸ್ತಿಲ್ಲ ನಾವು, ಮ್ಯಾನೇಜ್ ಮಾಡ್ತಿದ್ದೀವಿ ಅಷ್ಟೇ, ಇನ್ನೇಳೆಂಟು ತಿಂಗಳು ತಳ್ಳಿದ್ರೆ ಸಾಕು ಅಂತ ತಳ್ತಿದ್ದೀವಿ ಅನ್ನೋ ಅರ್ಥದ ಮಾತು. ಆಡಿಯೋ ಹೊರಗೆ ಬಂತು. ಸಹಕಾರ ಸಚಿವ ಎಸ್.ಟಿ. ಸೋಮಶೇಖರ್ ಸಿಟ್ಟಾದರು. ತೋಟಗಾರಿಕೆ ಸಚಿವ ಮುನಿರತ್ನ, ಹಾಗನ್ನಿಸಿದರೆ ರಾಜೀನಾಮೆ ಕೊಡಲಿ ಅಂದರು. ಬೊಮ್ಮಾಯಿಯವರು ಅದು ಬೇರೆ ಸಂದರ್ಭದಲ್ಲಿ ಆಡಿದ ಮಾತು ಅಂತ ತೇಪೆ ಹಾಕಿದರು.

ಧ್ವನಿಮುದ್ರಣ ಅಧಿಕಾರ ಅಲ್ಲಾಡಿಸಿದ್ದು ಹೊಸದೇನಲ್ಲ. ನಿಕ್ಸನ್ ತಮ್ಮದೇ ಕಚೇರಿಯ ಟೇಪುಗಳಿಗೆ ಸಿಕ್ಕಿ 1974ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಪದವಿ ಬಿಟ್ಟರು. ನಮ್ಮ ರಾಮಕೃಷ್ಣ ಹೆಗಡೆ ಟೆಲಿಫೋನ್ ಕದ್ದಾಲಿಕೆ ವಿವಾದದಲ್ಲಿ 1988ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಇದೂ ಆಗಸ್ಟೇ. ಆದರೆ ಅವೆರಡರಲ್ಲಿ ಮುಚ್ಚಿಟ್ಟ ಕೆಲಸ ಬಯಲಾಯ್ತು. ಈ ಆಡಿಯೋದಲ್ಲಿ ಬಯಲಾಗಿದ್ದು ಎಲ್ಲರಿಗೂ ಗೊತ್ತಿದ್ದ ವಿಷಯ, ಹೇಳಬಾರದವರು ಹೇಳಿದ್ದರು ಅಷ್ಟೇ. ಹಾಗಾಗಿ ಯಾರ ಕುರ್ಚಿಯೂ ಹೋಗಲಿಲ್ಲ.

ನಮ್ಮ ಆಫೀಸಿನ ವಾಟ್ಸಾಪ್ ಗುಂಪಲ್ಲಿ ಅವತ್ತು ನಗುವೋ ನಗು. ‘ನಿಮ್ಮೂರಿನ ಮಂತ್ರಿ ನೋಟಿಸ್ ಪೀರಿಯಡ್‌ನಲ್ಲಿದ್ದಾರೆ’ ಅಂತ ಒಬ್ಬ. ‘ಪ್ರಾಡಕ್ಟ್ ಮೇಂಟೆನೆನ್ಸ್ ಮೋಡ್‌ಗೆ ಹೋಯ್ತು’ ಅಂತ ಇನ್ನೊಬ್ಬ. ಹೋಲಿಕೆ ಚೆನ್ನಾಗೇ ಇತ್ತು. ಆದರೆ ನನಗೆ ನಗು ಬರಲಿಲ್ಲ, ಯಾಕಂದ್ರೆ ಆ ಫೋನಿನಲ್ಲಿ ದೂರು ಹೇಳಿದ ಮನುಷ್ಯನ ಮಾತು ನಮ್ಮನೆಯ ಮಾತು.

ನಗರದಲ್ಲಿ ಹುಟ್ಟಿದವರಿಗೆ ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಹಳ್ಳಿಯಲ್ಲಿ ‘ಸೊಸೈಟಿ’ ಅಂದ್ರೆ ವ್ಯವಸಾಯ ಸೇವಾ ಸಹಕಾರ ಸಂಘ. ಆಗ ಮೂರು ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆ ಸಾಲ. ಕಾಗದದ ಮೇಲೆ ಬಹಳ ಒಳ್ಳೇ ಯೋಜನೆ. ವರ್ಷ ತುಂಬೋದರೊಳಗೆ ಕಟ್ಟಿದರೆ ಬಡ್ಡಿ ಸೊನ್ನೆ, ಒಂದು ದಿನ ತಪ್ಪಿದರೂ ಬಡ್ಡಿ. ಹಾಗಾಗಿ ಅಪ್ಪನಂಥವರು ಗಡುವಿನ ಹೊತ್ತಿಗೆ ಊರಲ್ಲಿ ಯಾರ ಹತ್ರವಾದರೂ ಕೈಸಾಲ ತಂದು ಕಟ್ಟಿ, ಹೊಸ ಸಾಲ ಮಂಜೂರಾದ ತಕ್ಷಣ ಅದನ್ನ ವಾಪಸ್ ಕೊಡ್ತಾರೆ. ನಡುವಿನ ಆ ಕೆಲವು ದಿನ ಕೈಸಾಲದ ಬಡ್ಡಿ ಓಡ್ತಿರುತ್ತೆ. ಸೊಸೈಟಿಯವರು ಫೈಲು ಮುಂದೆ ತಳ್ಳೋಕೆ ‘ಖರ್ಚು’ ಅಂತ ಒಂದಿಷ್ಟು ಹಿಡಿದರೆ ಯಾರೂ ಬಾಯಿ ಬಿಡಲ್ಲ, ತಡ ಆದರೆ ಅದಕ್ಕಿಂತ ಜಾಸ್ತಿ ಹೋಗುತ್ತೆ. ರಸೀದಿ ಇರಲ್ಲ. ಬಡ್ಡಿಯಿಲ್ಲದ ಸಾಲಕ್ಕೆ ಎಷ್ಟು ಬಡ್ಡಿ ಬಿತ್ತು ಅಂತ ನಾನೊಮ್ಮೆ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ ತೋರಿಸಿದೆ. ಅಪ್ಪ ನೋಡಿ, ‘ಇದ್ನೆಲ್ಲ ಬರ್ದಿಟ್ಕಂಡ್ರೆ ನಿದ್ದೆ ಬರಲ್ಲ, ಮಡಗು’ ಅಂದರು.

ಆಡಿಯೋ ಬಂದ ವಾರ ಊರಿಗೆ ಹೋಗಿದ್ದೆ. ಅಪ್ಪ ಅಟ್ಟದ ಮೇಲಿದ್ದರು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡೋದು ಹಾಗೇ. ಬಲಿತ ಕಾಯನ್ನ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಮುಟ್ಟೋ ಹಂಗಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟದಿಂದ ತಾನೇ ಬಿಡಬೇಕು. ಆಗಿದೆಯೋ ಇಲ್ಲವೋ ಅನ್ನೋಕೆ ಕಿವಿ ಹತ್ರ ಹಿಡಿದು ಅಲ್ಲಾಡಿಸಬೇಕು. ಗಡಗಡ ಅಂದ್ರೆ ಆಗಿದೆ. ನೀರಿನ ಸದ್ದು ಬಂದ್ರೆ ಇನ್ನೂ ಇಲ್ಲ. ಅಪ್ಪ ಒಂದೊಂದೇ ಅಲ್ಲಾಡಿಸಿ ಎರಡು ಗುಡ್ಡೆ ಮಾಡ್ತಿದ್ದರು.

‘ಕೇಳಿದ್ಯಾ ಆಡಿಯೋ?’ ಅಂದೆ.

‘ಕೇಳ್ದೆ. ಅವ್ನೊಬ್ಬ ನಿಜ ಹೇಳವ್ನೆ ಬಿಡು.’

‘ನಿಜ ಹೇಳಿದ್ರೆ ಆಯ್ತಾ? ಮಂತ್ರಿ ಅಲ್ವಾ ಅವ್ರು?’

‘ಮಿಕ್ಕೋರು ಏನಂತವ್ರೆ? ನೋಡ್ತೀವಿ, ಮಾಡ್ತೀವಿ, ಕ್ರಮ ತಗಂತೀವಿ. ಯಾರ್ ತಗಂಡ್ರು? ಇವ್ನು ಆಗಲ್ಲ ಅಂದ. ನಮ್ಗೆ ಒಂದ್ಸಲ ಅಲೆಯೋದು ತಪ್ತು.’

ಅಪ್ಪನ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿ ಸಮಾಧಾನ ಇತ್ತು. ನನಗೆ ಅದೇ ಸಹಿಸೋಕೆ ಆಗಲಿಲ್ಲ. ನಾನು ಇವತ್ತಿಗೂ ಅಪ್ಪನ ವಾದ ಒಪ್ಪಲ್ಲ. ಯಂತ್ರದ ಒಳಗೆ ಏನಿದೆ ಅಂತ ಗೊತ್ತಿಲ್ಲದವನು ‘ನಾನೇನು ಮಾಡಲಿ’ ಅಂದರೆ ಅದು ಅಸಹಾಯಕತೆ. ಐದು ವರ್ಷದ ಹಿಂದಿನ ಕಡತ ಹುಡುಕಿ ವಿರೋಧಪಕ್ಷದ ನಾಯಕರನ್ನ ಕಟ್ಟಿಹಾಕೋಕೆ ಗೊತ್ತಿದ್ದವರು, ವಿಶ್ವಾಸಮತದ ನಿಯಮ ಬಾಯಿಪಾಠ ಇದ್ದವರು, ರೈತನ ಸಾಲದಲ್ಲಿ ಹಿಡಿಯೋ ಪುಡಿಗಾಸಿನ ವಿಷಯ ಬಂದಾಗ ನಾನೇನು ಮಾಡಲಿ ಅಂದರೆ? ಆ ಬುದ್ಧಿ ಸರ್ಕಾರ ಉರುಳಿಸೋಕೆ, ಉಳಿಸೋಕೆ ಸಾಕಾಯ್ತು, ಸೊಸೈಟಿಯ ಕಿಟಕಿ ತನಕ ಬರೋಕೆ ಸಾಕಾಗಲಿಲ್ಲ. ಖಾತೆ ಅವರದ್ದಲ್ಲ ಅನ್ನೋದು ನಿಜ. ಸಂಪುಟದ ಜವಾಬ್ದಾರಿ ಸಾಮೂಹಿಕ ಅಂತ ಕಾನೂನು ಮಂತ್ರಿಗೆ ನಾನು ಹೇಳಿಕೊಡಬೇಕಿಲ್ಲ.

ಅಪ್ಪನ ಕಡೆಗೂ ಒಂದು ಪಾಯಿಂಟ್ ಇದೆ, ಅದನ್ನ ಮುಚ್ಚಿಡಬಾರದು. ನಮ್ಮದು ಬೋರ್‌ವೆಲ್ ಸೀಮೆ. ತೆಂಗಿಗೆ ನೀರು ಅಂತ ಕೊರೆದೂ ಕೊರೆದೂ ಎಲ್ಲ ಬತ್ತಿ, ಒಣಗಿದ ಸುಳಿಯ ಮರಗಳು ಸಾಲಾಗಿ ನಿಂತಿದ್ದನ್ನ ನಾನೇ ಕಂಡಿದ್ದೀನಿ. ಹೇಮಾವತಿ ನೀರು ಕೆರೆಗೆ ಬರಬೇಕು ಅನ್ನೋದು ಚಿಕ್ಕನಾಯಕನಹಳ್ಳಿಯವರ ಎಷ್ಟೋ ವರ್ಷದ ಬೇಡಿಕೆ. ಕೆರೆ, ಚೆಕ್‌ಡ್ಯಾಮು, ನಾಲೆ ವಿಷಯಕ್ಕೆ ಮಾಧುಸ್ವಾಮಿ ಕುತ್ತಿಗೆ ಕೊಟ್ಟು ಕೆಲಸ ಮಾಡಿದರು ಅಂತ ಅವರನ್ನ ಕಂಡರಾಗದವರೂ ನಮ್ಮೂರಲ್ಲಿ ಒಪ್ತಾರೆ. ‘ಬಾಯಿ ಸರಿಯಿಲ್ಲ, ಕೆಲ್ಸ ಸರಿಯಾಗೈತೆ’ ಅನ್ನೋದು ಅರಳಿಕಟ್ಟೆಯ ತೀರ್ಪು. ಬೆಂಗಳೂರಲ್ಲಿ ಕೂತು ಮೂವತ್ತು ಸೆಕೆಂಡಿನ ಕ್ಲಿಪ್ಪು ನೋಡೋ ನನಗೂ, ತೋಟದಲ್ಲಿ ಬೋರ್‌ವೆಲ್ ಮೋಟಾರಿನ ಸದ್ದಿಗೆ ಕಿವಿಗೊಟ್ಟು ಕೂತಿರೋ ಅಪ್ಪನಿಗೂ ಒಂದೇ ಮನುಷ್ಯ ಎರಡು ಥರ ಕಂಡರೆ ಅದರಲ್ಲಿ ಆಶ್ಚರ್ಯ ಇಲ್ಲ.

2023ರ ಮೇ 10ರ ಚುನಾವಣೆಗೆ ಮಾತು, ಕೆರೆ ಎರಡನ್ನೂ ಮೀರಿದ್ದು ಬಂತು, ಕೊಬ್ಬರಿ ರೇಟು. ಒಂದು ಕಾಲಕ್ಕೆ ಕ್ವಿಂಟಾಲ್‌ಗೆ ಹದಿನೇಳು ಸಾವಿರದ ಆಸುಪಾಸು ನೋಡಿದ್ದ ತಿಪಟೂರು ಮಾರುಕಟ್ಟೆಯಲ್ಲಿ ಆ ವರ್ಷ ದರ ಹತ್ತು ಸಾವಿರದ ಕೆಳಗೆ ಇಳಿದಿತ್ತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 11,750. ಮಾರುಕಟ್ಟೆಗಿಂತ ಬೆಂಬಲ ಬೆಲೆಯೇ ಮೇಲು ಅಂದ ಮೇಲೆ ನ್ಯಾಫೆಡ್ ಕೇಂದ್ರದ ಮುಂದೆ ಟ್ರ್ಯಾಕ್ಟರುಗಳ ಸಾಲು. ಹನ್ನೊಂದು ತಿಂಗಳು ಅಟ್ಟದಲ್ಲಿ ಕಾದ ಕಾಯಿ ಇನ್ನೆಷ್ಟು ದಿನ ಮೂಟೆಯಲ್ಲಿ ಕಾಯಬೇಕು? ಹುಳ ಬಿದ್ದರೆ ಅದೂ ಹೋಯ್ತು. ಎರಡು ಮಂತ್ರಿಗಳಿದ್ದ ಸೀಮೆಯಲ್ಲಿ ಕೊಬ್ಬರಿ ಕೇಳೋರಿಲ್ಲ ಅನ್ನೋ ಮಾತು ಹರಾಜಿನ ಕಟ್ಟೆಯಲ್ಲಿ ಹುಟ್ಟಿ ಹಳ್ಳಿ ಹಳ್ಳಿಗೆ ಹೋಯ್ತು. ಕೊಬ್ಬರಿ ರೇಟು ಮಾಧುಸ್ವಾಮಿ ಕೈಯಲ್ಲಿರಲಿಲ್ಲ, ನಾಗೇಶ್ ಕೈಯಲ್ಲೂ ಇರಲಿಲ್ಲ. ಜನ ಅದನ್ನ ಕೇಳೋ ಸ್ಥಿತಿಯಲ್ಲಿರಲಿಲ್ಲ. ಕೈಯಲ್ಲಿ ಏನೂ ಇಲ್ಲ ಅಂತ ಒಬ್ಬರು ಫೋನಲ್ಲೇ ಹೇಳಿಯಾಗಿತ್ತಲ್ಲ.

ತಿಪಟೂರಿನಲ್ಲಿ ಕಾಂಗ್ರೆಸ್ಸಿನ ಷಡಕ್ಷರಿ ಗೆದ್ದರು, ತುರುವೇಕೆರೆಯಲ್ಲಿ ಜೆಡಿಎಸ್‌ನ ಎಂ.ಟಿ. ಕೃಷ್ಣಪ್ಪ, ಚಿಕ್ಕನಾಯಕನಹಳ್ಳಿಯಲ್ಲಿ ಮತ್ತೆ ಅದೇ ಸುರೇಶ್‌ಬಾಬು. ಮೂರಕ್ಕೆ ಮೂರೂ ಮಗುಚಿ ಬಿದ್ದವು. ಅಪ್ಪ ಯಾರಿಗೆ ಹಾಕಿದರು ಅಂತ ಹೇಳಲಿಲ್ಲ. ಅವ್ವನನ್ನ ಕೇಳಿದೆ. ‘ನಾನ್ಯಾರಿಗೂ ಹೇಳಲ್ಲ, ಕೆರೆ ಯಮ್ಮನ್ನ ನೆನೆಸ್ಕಂಡು ಒತ್ತಿದೀನಿ’ ಅಂದಳು.

2024ರ ಲೋಕಸಭೆಗೆ ತುಮಕೂರಿನ ಟಿಕೆಟ್ ಮೇಲೆ ಮಾಧುಸ್ವಾಮಿ ಕಣ್ಣಿಟ್ಟಿದ್ದರು. ಬೆಂಗಳೂರಿನಿಂದ ಬಂದ ವಿ. ಸೋಮಣ್ಣನವರಿಗೆ ಸಿಕ್ಕಿತು. ಇವರು ಬೇಸರವನ್ನ ಮುಚ್ಚಿಡದೆ ಹೇಳಿದರು, ಮುಚ್ಚಿಟ್ಟು ಅಭ್ಯಾಸ ಇಲ್ಲವಲ್ಲ. ಸೋಮಣ್ಣ ಗೆದ್ದು ಕೇಂದ್ರದಲ್ಲಿ ಮಂತ್ರಿಯೂ ಆದರು.

ಅದೇ ವರ್ಷದ ಶುರುವಿನಲ್ಲಿ ಕೊಬ್ಬರಿ ಖರೀದಿಗೆ ಹೆಸರು ನೋಂದಾಯಿಸೋದು ಗಲಾಟೆಯಾಗಿ, ಆದ ನೋಂದಣಿ ರದ್ದಾಗಿ, ಮತ್ತೆ ಮೊದಲಿಂದ ಸಾಲು ನಿಲ್ಲೋ ಹಾಗಾಯ್ತು. ಅಪ್ಪ ತಮ್ಮ ಹೆಸರು ಏನಾಯ್ತು ಅಂತ ವಿಚಾರಿಸೋಕೆ ಪರಿಚಯದ ಪುಢಾರಿಯೊಬ್ಬರಿಗೆ ಫೋನ್ ಮಾಡಿದರು. ಸ್ಪೀಕರ್ ಆನ್ ಇತ್ತು, ನಾನು ಪಕ್ಕದಲ್ಲೇ ಇದ್ದೆ. ವಿಷಯ ಅರ್ಧ ಹೇಳೋದರೊಳಗೆ ಆ ಕಡೆಯಿಂದ, ‘ಅಣ್ಣ, ಇದ್ರಲ್ಲಿ ಬ್ಯಾಡ, ವಾಟ್ಸಾಪ್ ಕಾಲ್ ಮಾಡು’ ಅಂತ ಕಟ್ ಆಯ್ತು. ವಾಟ್ಸಾಪ್ ಕಾಲ್ ಸುಲಭಕ್ಕೆ ರೆಕಾರ್ಡ್ ಆಗಲ್ಲ ಅನ್ನೋದು ಈಗ ಗ್ರಾಮ ಪಂಚಾಯ್ತಿ ಮಟ್ಟದಲ್ಲೂ ಎಲ್ಲರಿಗೂ ಗೊತ್ತು.

ಅಪ್ಪನ ಹತ್ರ ಇರೋದು ಬಟನ್ ಫೋನು. ನನ್ನ ಫೋನ್ ಕೊಡ್ತೀನಿ, ಮಾತಾಡು ಅಂದೆ. ‘ಬ್ಯಾಡ ಬಿಡು’ ಅಂತ ಪಹಣಿ, ಆಧಾರ್ ಜೆರಾಕ್ಸನ್ನ ಪ್ಲಾಸ್ಟಿಕ್ ಕವರಿಗೆ ತುರುಕಿಕೊಂಡು, ಟಿವಿಎಸ್ ಎಕ್ಸ್‌ಎಲ್ ಒದ್ದು ಸ್ಟಾರ್ಟ್ ಮಾಡಿ ಹೊರಟರು.